ರಾಯ್ ಬ್ರಿಯರ್ಲಿ ಯಾರ ಮಗ?

ಬೆಳಗಿನ ಚಹಾ ಕುಡಿಯುತ್ತ ಊರಿನ ಪತ್ರಿಕೆ ಬಿಡಿಸಿದ ಥಾರ್ನ್‌ಶಾ ಕ್ಷೇತ್ರದ ಸಂಸದ ರಾಯ್ ಬ್ರಿಯರ್ಲಿ, ತಾನು ಜಮೀನ್ದಾರನ ಮಗನೆಂದು ಅದರಲ್ಲಿ ಓದಿ, ಬಾಯಲ್ಲಿದ್ದುದನ್ನು ಮೇಜುಬಟ್ಟೆಯ ಮೇಲೆ ಉಗುಳಿದ.

'ನಮ್ಮ ಸಂಸದರು ಬೆಳೆದುಬಂದ ದಾರಿ' ಎಂಬ ಲೇಖನ. ಸಾವಿರ ಎಕರೆ ಭೂಮಿ, ಕುದುರೆ ಲಾಯ, ನರಿಬೇಟೆ, ದೊಡ್ಡ ಮನುಷ್ಯರ ಮಕ್ಕಳು ಓದುವ ವಸತಿಶಾಲೆ. ನಿಜದಲ್ಲಿ ಅವನ ಅಪ್ಪ ಹೆರಾಲ್ಡ್ ಬಸ್ ಕಂಡಕ್ಟರ್ ಆಗಿದ್ದವನು. ಜೀವಮಾನದಲ್ಲಿ ರಾಯ್ ಸವಾರಿ ಮಾಡಿದ್ದು ಒಂದೇ ಸಲ, ಸಮುದ್ರ ದಂಡೆಯಲ್ಲಿ, ಅದೂ ಬಾಡಿಗೆ ಕತ್ತೆಯ ಮೇಲೆ.

ಅಂದೇ ಸಂಜೆ ಏಳಕ್ಕೆ ಪಕ್ಷದ ಸದಸ್ಯರ ಸಭೆಯಿತ್ತು. ಮುಂದಿನ ಚುನಾವಣೆಗೂ ಇವನನ್ನೇ ನಿಲ್ಲಿಸಬೇಕೇ ಬೇಡವೇ ಎಂದು ಅಲ್ಲಿ ತೀರ್ಮಾನ. ಗಿರಣಿಯವರು, ಬಸ್ಸಿನವರು ತುಂಬಿದ ಆ ಸಭೆಗೆ ಜಮೀನ್ದಾರನ ಮಗನಾಗಿ ಹೋಗುವುದೂ ಒಂದೇ, ಕಟುಕನ ಅಂಗಡಿಗೆ ಕುರಿ ತಾನಾಗಿ ನಡೆದು ಹೋಗುವುದೂ ಒಂದೇ.

ರಾಯ್ ನೇರ ಪತ್ರಿಕಾ ಕಚೇರಿಗೆ ನುಗ್ಗಿದ.

"ಬೇರೆ ಯಾರೋ ಬ್ರಿಯರ್ಲಿದು ಸೇರ್ಕೊಂಡಿರಬೇಕು," ಎಂದ ಸಂಪಾದಕ, ಬಿಸ್ಕತ್ತು ಚಹಾದಲ್ಲಿ ಅದ್ದುತ್ತ. "ತಿದ್ದೋಣ ಸ್ವಾಮಿ. ಆದ್ರೆ ನೀವು ಕಂಡಕ್ಟರ್ ಮಗ ಅನ್ನೋಕೆ ದಾಖಲೆ?"

"ನಮ್ಮಪ್ಪ ಯಾರು ಅನ್ನೋಕೂ ದಾಖಲೆ ಬೇಕಾ? ನರಿಬೇಟೆಗೆ ಯಾವ ದಾಖಲೆ ನೋಡಿದ್ರಿ?"

"ಅದು ಓದೋಕೆ ಚೆನ್ನಾಗಿತ್ತು."

ಕುದಿಯುತ್ತಲೇ ರಾಯ್ ತಾನು ಹುಟ್ಟಿದ ಬೀದಿಗೆ ಹೋದ. ಪಕ್ಕದ ಮನೆಯ ಎಥೆಲ್ ಕ್ರಾಬ್‌ಟ್ರೀಗೆ ಈಗ ಎಂಬತ್ತನಾಲ್ಕು. ಸುದ್ದಿ ಕೇಳಿ ಮುದುಕಿ ಅವನಿಗಿಂತ ಹೆಚ್ಚು ಕೆರಳಿದಳು.

"ಜಮೀನ್ದಾರನಂತೆ! ಹೆರಾಲ್ಡ್‌ಗಿದ್ದ ಜಮೀನು ಅಂದ್ರೆ ಕಿಟಕಿ ಮೇಲಿನ ಹೂಕುಂಡ. ಇರು ಮಗಾ, ಟೋಪಿ ಹಾಕ್ಕೊಂಡ್ ಬರ್ತೀನಿ."

ಟೋಪಿ ಸಿಗುವಷ್ಟರಲ್ಲಿ ಸುದ್ದಿ ಬೀದಿಯ ಕೊನೆ ಮುಟ್ಟಿತ್ತು. ಎದುರುಮನೆ ಡೋರಿಸ್ ಒಂದು ಹಳೇ ಫೋಟೋ ಹಿಡಿದು ಓಡಿಬಂದಳು. ಹಿತ್ತಲಲ್ಲಿ ತಗಡಿನ ತೊಟ್ಟಿ. ಅದರೊಳಗೆ ಐದು ವರ್ಷದ ರಾಯ್, ಮೈಮೇಲೆ ಸೋಪಿನ ನೊರೆ ಬಿಟ್ಟು ಬೇರೇನಿಲ್ಲ.

"ಬಚ್ಚಲುಮನೆಯೇ ಇರ್ಲಿಲ್ಲ ಅನ್ನೋಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾ?" ಎಂದಳು.

ಮತ್ತೆ ಪತ್ರಿಕಾ ಕಚೇರಿ. ಫೋಟೋ ನೋಡಿ ಸಂಪಾದಕನ ಮುಖ ಅರಳಿತು. "ನಾಳೆ ಮುಖಪುಟ."

"ಫೋಟೋ ಬೇಡ, ತಿದ್ದುಪಡಿ ಸಾಕು."

"ದಾಖಲೆ ಇಲ್ದೆ ನಾವು ಏನೂ ಅಚ್ಚು ಹಾಕಲ್ಲ."

ನಾಳೆಯ ಪತ್ರಿಕೆ ಇಂದಿನ ಸಭೆಗೆ ಬಾರದು. ರಾಯ್ ಎಥೆಲ್‌ಳನ್ನೇ ಸಭೆಗೆ ಕರೆದೊಯ್ದು ಮುಂದಿನ ಸಾಲಿನಲ್ಲಿ ಕೂರಿಸಿದ.

ಮುದುಕಿ ಸೊಗಸಾಗಿ ಮಾತಾಡಿದಳು. ಹೆರಾಲ್ಡ್‌ನ ತೇಪೆ ಹಾಕಿದ ಕೋಟು, ಶುಕ್ರವಾರದ ಮೀನು-ಚಿಪ್ಸ್ ಒಂದೇ ಪೊಟ್ಟಣ ಐದು ಜನಕ್ಕೆ. ಕೆಲವರು ಕಣ್ಣೊರೆಸಿಕೊಂಡರು. ಯಾರೋ ಅವಳ ಕೈಗೆ ಒಂದು ಲೋಟ ಬಿಯರು ಕೊಟ್ಟರು. ಆಕೆ ಇನ್ನೂ ಹುರುಪಾದಳು.

"ಮೂವತ್ತೊಂದು ವರ್ಷ ಕಂಡಕ್ಟರ್ ಕೆಲ್ಸ. ಒಂದೇ ಒಂದು ದಿನ ತಪ್ಪಿಸ್ದೋನಲ್ಲ."

ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಿಂದ ನಿವೃತ್ತ ಬಸ್ ಚಾಲಕ ವಿಲ್ಫ್ ಸಟ್‌ಕ್ಲಿಫ್ ನಿಧಾನಕ್ಕೆ ಎದ್ದ.

"ಒಂದು ದಿನಾನೂ ಇಲ್ವಾ ಎಥೆಲ್?"

"ಒಂದು ದಿನಾನೂ ಇಲ್ಲ."

"ನಾವೆಲ್ಲ ಮುಷ್ಕರ ಹೂಡಿ ಏಳು ವಾರ ಡಿಪೋ ಮುಂದೆ ಹಿಮದಲ್ಲಿ ನಿಂತಿದ್ವಲ್ಲ, ಆಗ್ಲೂ?"

"ಆಗ್ಲೂ," ಎಂದಳು ಎಥೆಲ್ ಹೆಮ್ಮೆಯಿಂದ. "ಹಿಂದಿನ ಗೋಡೆ ಹಾರಿ ಹೋಗ್ತಿದ್ದ, ಪಾಪ."



"ಒಳಗೆ ಯಾರೋ ಒಬ್ಬ ಬಸ್ ತೊಳೀತಿದ್ದ. ಯಾವ ದ್ರೋಹಿ ಅಂತ ಇವತ್ತಿನವರೆಗೂ ಗೊತ್ತಾಗಿರ್ಲಿಲ್ಲ," ಎಂದು ವಿಲ್ಫ್ ಕೂತ.

"ನಂಗೆ ಆಗ ಆರು ವರ್ಷ!" ಎಂದು ರಾಯ್ ಕೂಗಿದ. ಯಾರೂ ಅವನತ್ತ ನೋಡಲಿಲ್ಲ.

ಅಧ್ಯಕ್ಷೆ ಮಾರೀನ್ ಅವನ ಕಿವಿಯತ್ತ ಬಾಗಿದಳು. "ಬೆಳಿಗ್ಗೆ ಪೇಪರ್ ಓದಿ ನಾವೆಲ್ಲ ನಕ್ಕಿದ್ವಿ ರಾಯ್. ಒಬ್ರೂ ನಂಬಿರ್ಲಿಲ್ಲ."

ಆಮೇಲೆ ಅವನ ಪರ ಇರುವವರು ಕೈ ಎತ್ತಲಿ ಎಂದಳು. ಇಡೀ ಸಭಾಂಗಣದಲ್ಲಿ ಮೇಲೆದ್ದ ಕೈ ಒಂದೇ. ಅದು ಎಥೆಲ್‌ಳದು, ಆಕೆ ಪಕ್ಷದ ಸದಸ್ಯೆಯಾಗಿರಲಿಲ್ಲ.