ಭಾವ ಬರೆದ ಸಮುದ್ರ

ಸಾಯುವ ಹಿಂದಿನ ದಿನವೂ ನಮ್ಮ ಭಾವ ಹಾಲಿನವಳನ್ನು ನಂಬಲಿಲ್ಲ! ಚೊಂಬಿಗೆ ಬೆರಳದ್ದಿ, ಉಗುರಿನ ಮೇಲೆ ಹನಿ ನಿಲ್ಲಿಸಿ ನೋಡಿ, "ನಿನ್ನೆಗಿಂತ ಪರವಾಗಿಲ್ಲಮ್ಮ" ಎಂದರು. ಅಕ್ಕ ಹಣೆ ಚಚ್ಚಿಕೊಂಡಳು. ಎಂದಿನಂಥದೇ ಬೆಳಗು.

ಭಾವನಿಗೆ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ತೂಕ ಹಾಕುವ ಕೆಲಸ. ಒಳ್ಳೆಯ ಗೂಡನ್ನು ಮೇಲೆ ಹರಡಿ, ಕೆಟ್ಟದ್ದನ್ನು ಅಡಿಗೆ ತಳ್ಳುವವರನ್ನು ನೋಡಿ ನೋಡಿ, ಯಾವುದನ್ನೂ ಮೊಣಕೈವರೆಗೆ ಕೈ ಇಳಿಸಿ ತಳ ಮುಟ್ಟದೆ ಒಪ್ಪುತ್ತಿರಲಿಲ್ಲ. ಅಕ್ಕನನ್ನು ನೋಡಲು ಬಂದಾಗ ಉಪ್ಪಿಟ್ಟನ್ನೂ ಅಡಿಯಿಂದ ಕೆದಕಿದ್ದರಂತೆ!

ಅವರ ಮನೆಮಾತು ತೆಲುಗು, ಓದಿದ್ದೂ ತೆಲುಗಿನಲ್ಲೇ. ಕೆಲಸ ಖಾಯಂ ಆಗಲು ಕನ್ನಡ ಪರೀಕ್ಷೆ ಪಾಸಾಗಬೇಕಿತ್ತು. ದಿನವಿಡೀ ರೈತರ ಜೊತೆ ಕನ್ನಡದಲ್ಲೇ ಜಗಳವಾಡಿ, ಕನ್ನಡದಲ್ಲೇ ಸಮಾಧಾನ ಮಾಡುವವರಿಗೆ ಇದೇನು ಕಷ್ಟ? ಆದರೂ ಎರಡು ಸಲ ಫೇಲು!

ಮೊದಲ ಸಲ ಪ್ರಶ್ನೆಪತ್ರಿಕೆಯನ್ನು ಕೊನೆಯಿಂದ ಶುರುಮಾಡಿದ್ದರು. "ಮೇಲೆ ಚೆನ್ನಾಗಿರೋದೇ ಇಟ್ಟಿರ್ತಾರೆ ಅಮ್ಮಾಯಿ, ಮೋಸ ಎಲ್ಲಾ ಅಡೀಲಿ!" ಎಂದರು ನನಗೆ; ಅವರ ತೆಲುಗಿನಲ್ಲಿ ನಾನು ಯಾವಾಗಲೂ 'ಅಮ್ಮಾಯಿ', ಅಂದರೆ ಹುಡುಗಿ. ಅಡಿಯಲ್ಲಿದ್ದ ಪ್ರಬಂಧಕ್ಕೇ ಹೊತ್ತೆಲ್ಲ ಹೋಗಿ, ಸುಲಭದ ಪ್ರಶ್ನೆಗಳು ಹಾಗೇ ಉಳಿದವು. ಎರಡನೆಯ ಸಲ ಬಂದ ಪ್ರಬಂಧ 'ಸಮುದ್ರತೀರದಲ್ಲಿ ಒಂದು ಸಂಜೆ'. ಭಾವ ಬರೆದದ್ದು ಎರಡೇ ಸಾಲು: "ನಾನು ಸಮುದ್ರ ನೋಡಿಲ್ಲ. ಜಂಗಮಕೋಟೆ ಕೆರೆ ನೋಡಿದ್ದೇನೆ, ಅದರಲ್ಲೂ ನೀರಿಲ್ಲ."

ಅಕ್ಕನ ಮನೆಯಲ್ಲಿದ್ದುಕೊಂಡು ಓದುತ್ತಿದ್ದ ನಾನೇ ಆಮೇಲೆ ಅವರಿಗೆ ಮೇಷ್ಟರು.

"ನೋಡಿದ್ದೀನಿ ಅಂತ ಸುಮ್ನೆ ಬರೀರಿ ಭಾವ. ಯಾರು ಬಂದು ಕೇಳ್ತಾರೆ?"

"ಕೇಳ್ದೆ ಬಿಡ್ತಾರಾ? ಮೇಲೆ ನನ್ನ ನಂಬರ್ ಇರುತ್ತಲ್ಲ!"

"ಅವರಿಗೆ ಬೇಕಾಗಿರೋದು ನಿಮ್ಮ ಕನ್ನಡ ಅಷ್ಟೇ."

"ಹಂಗಾದ್ರೆ ಗೂಡಿನ ವಿಷ್ಯ ಕೇಳ್ಲಿ, ಹತ್ತು ಪೇಜು ಬರೀತೀನಿ. ಭಾಷೆ ಬರುತ್ತಾ ಅಂತ ನೋಡೋಕೆ ನನ್ನ ಸಮುದ್ರದ ಹತ್ರ ಯಾಕಮ್ಮ ಎಳ್ಕೊಂಡ್ ಹೋಗ್ತಾರೆ?"

ನಾನೂ ಸಮುದ್ರ ನೋಡಿರಲಿಲ್ಲ! ಆದರೂ ಅಲೆ, ಮರಳು, ಮುಳುಗುವ ಸೂರ್ಯ ಎಲ್ಲವನ್ನೂ ಬಾಯಿಪಾಠ ಮಾಡಿಸಿದೆ. ಮೂರನೆಯ ಸಲ ಪ್ರವಾಸದ ಪ್ರಬಂಧ ಬಂತು. ಭಾವ ಎರಡು ಪುಟ ಸಮುದ್ರ ಬರೆದು ಪಾಸಾದರು. ಫಲಿತಾಂಶದ ಕಾಗದವನ್ನು ಬಿಸಿಲಿಗೆ ಹಿಡಿದು ಸೀಲು ನಿಜವೋ ಸುಳ್ಳೋ ಎಂದು ಪರೀಕ್ಷಿಸಿದರು.

ಕೆಲಸ ಖಾಯಂ ಆಯಿತು. ಅಕ್ಕ ಪಾಯಸ ಮಾಡಿದಳು. ಭಾವನ ಮುಖ ಮಾತ್ರ ಅರಳಲಿಲ್ಲ.

"ನಿನ್ನ ಮಾತು ಕೇಳಿ ಸುಳ್ಳು ಬರ್ದೆ ಅಮ್ಮಾಯಿ. ರಜ ಸಿಗ್ಲಿ, ಮೂವರೂ ಹೋಗಿ ನೋಡ್ಕೊಂಡ್ ಬರಣ. ಆಗ ಬರ್ದಿದ್ದು ನಿಜ ಆಗುತ್ತೆ."

ಆ ರಜ ಸಿಗುವ ಮೊದಲೇ ಒಂದು ದಿನ ತಕ್ಕಡಿಯ ಪಕ್ಕ ಎದೆ ಹಿಡಿದು ಕುಳಿತವರು ಏಳಲಿಲ್ಲ. ಖಾಯಂ ನೌಕರರಾಗಿದ್ದರಿಂದ ಅಕ್ಕನಿಗೆ ಪಿಂಚಣಿ ಬರುತ್ತಿದೆ.

ಭಾವ ಸಮುದ್ರ ನೋಡಲಿಲ್ಲ.