ಚಕ್ರದ ಮನೆಗೆ ಗೃಹಪ್ರವೇಶ

ನಮ್ಮ ಮನೆಯಲ್ಲಿ ನಾನು ಆಸೆಪಟ್ಟು ಏನನ್ನಾದರೂ ಕೇಳಿದರೆ ಹೀಗೆಲ್ಲ ಆಗುವುದು ಹೊಸದೇನಲ್ಲ. ಮೂಗುತಿ ಕೇಳಿದಾಗ ಅತ್ತೆಗೆ ಬಳೆ ಬಂದಿತ್ತು. ತವರಿಗೆ ಹೋಗಿ ಬರುತ್ತೇನೆ ಎಂದಾಗ ತವರಿನವರನ್ನೇ ಕರೆಸಿ, ಅವರಿಗೆಲ್ಲ ನನ್ನ ಕೈಯಲ್ಲೇ ಅಡುಗೆ ಮಾಡಿಸಿದ್ದರು. ಆದರೆ ಬೆಟ್ಟಕ್ಕೆ ಹೋಗೋಣ ಎಂದು ಕೇಳಿದಾಗ ನಡೆದದ್ದಿದೆಯಲ್ಲ, ಅದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಹೇಳಿದರೆ ಎಲ್ಲರೂ ನಗುತ್ತಾರೆ. ನಗುವವರಿಗೇನು, ಅನುಭವಿಸಿದವಳು ನಾನು.

ಯೋಚನೆ ಯಾರದು

ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ನಮ್ಮ ಮನೆ. ನನ್ನ ಗಂಡ ಬೀದಿಯ ಮಗ್ಗಗಳಿಂದ ಸೀರೆ ಕೊಂಡು ಬೆಂಗಳೂರಿನ ಅಂಗಡಿಗಳಿಗೆ ಹಾಕುತ್ತಿದ್ದರು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹಳೆಯ ಗಾಡಿಗಳನ್ನು ಹರಾಜು ಹಾಕಿದರು. ಆಗ ಇವರು ಸೀರೆ ಸಾಗಿಸುವುದಕ್ಕೆಂದು ಒಂದು ವ್ಯಾನು ಹಿಡಿದುಕೊಂಡು ಬಂದರು. ಗಾಯಗೊಂಡ ಸಿಪಾಯಿಗಳನ್ನು ಮಲಗಿಸಿಕೊಂಡು ಹೋಗುತ್ತಿದ್ದ ವ್ಯಾನಂತೆ. ಒಳಗೆ ಎರಡೂ ಗೋಡೆಗೆ ಕೆಳಗೊಂದು ಮೇಲೊಂದು ಮಡಿಸುವ ಮಂಚಗಳಿದ್ದವು. ವ್ಯಾನಿನ ಜೊತೆಗೇ ಮಿಲಿಟರಿಯಲ್ಲಿ ಗಾಡಿ ಓಡಿಸುತ್ತಿದ್ದ ಒಬ್ಬ ಡ್ರೈವರೂ ಬಂದ.

ಬೀದಿಯವರೆಲ್ಲ ಬಂದು ಚಕ್ರ ಮುಟ್ಟಿ, ಹಾರನ್ನು ಒತ್ತಿ ನೋಡಿ ಹೋದರು. ಒಳಗೆ ಹತ್ತಿ ನೋಡಿದವಳು ನಾನೊಬ್ಬಳೇ.

"ರೀ, ಮಂಚ ಇದೆ, ಬಾಗಿಲಿದೆ, ಕಿಟಕಿ ಇದೆ. ಒಂದು ಒಲೆ ಇಟ್ಟರೆ ಇದೇ ಮನೆ. ಚಿಕ್ಕಮಗಳೂರ ಕಡೆ ಬೆಟ್ಟಗಳಿವೆಯಂತೆ, ಮೋಡ ಕೈಗೆ ಸಿಗುತ್ತದಂತೆ. ಇದರಲ್ಲೇ ಹೋಗಿ, ಇದರಲ್ಲೇ ಮಲಗಿ, ಇದರಲ್ಲೇ ಬೇಯಿಸಿಕೊಂಡು ತಿಂದು ಬರೋಣ" ಎಂದೆ.

"ನಿನಗೆ ತಲೆ ಕೆಟ್ಟಿದೆ" ಎಂದರು.

ನನಗೆ ತಲೆ ಕೆಟ್ಟಿರಲಿಲ್ಲ. ಹುಟ್ಟಿದ್ದು ಹೊಸಕೋಟೆ, ಬಂದದ್ದು ದೊಡ್ಡಬಳ್ಳಾಪುರ, ಎರಡೂ ಕಡೆ ನೆಲ ಅಂಗೈಯಂತೆ ಸಮ. ಮದುವೆಯಾದಾಗಿನಿಂದ ಮಾಳಿಗೆಯ ಮೇಲೆ ಹಪ್ಪಳ ಒಣಗಿಸುತ್ತ ದೂರದ ನಂದಿಬೆಟ್ಟವನ್ನು ನೋಡುವುದೇ ಆಗಿತ್ತು. ಒಂದು ದಿನವಾದರೂ ಬೆಟ್ಟದ ಹತ್ತಿರ ಕೂತುಕೊಳ್ಳಬೇಕು, ಎದ್ದ ಕೂಡಲೇ ಮುಂದೆ ಬೆಟ್ಟ ಇರಬೇಕು, ಇಷ್ಟೇ ನನ್ನ ಆಸೆ. ಅದೇನು ದೊಡ್ಡ ಆಸೆಯೇ?

ಮಾರನೆಯ ದಿನ ಮಾಳಿಗೆಯಲ್ಲಿದ್ದೆ. ಕೆಳಗೆ ಜಗಲಿಯ ಮೇಲೆ ನನ್ನ ಗಂಡ ನೇಕಾರರನ್ನೆಲ್ಲ ಕೂರಿಸಿಕೊಂಡು ಹೇಳುತ್ತಿದ್ದರು: "ನನಗೊಂದು ಯೋಚನೆ ಬಂತು ಕಣ್ರಪ್ಪ. ಒಂದು ಒಲೆ ಇಟ್ಟುಬಿಟ್ರೆ ಅದೇ ಮನೆ." ಎಲ್ಲರೂ ತಲೆದೂಗುತ್ತಿದ್ದರು.

ಕೆಳಗಿಳಿದು ಬಂದು ನೆಟ್ಟಗೆ ನೋಡಿದೆ. ಅವರಿಗೆ ಸ್ವಲ್ಪವೂ ನಾಚಿಕೆಯಾಗಲಿಲ್ಲ. "ನೀನೂ ಬರ್ತೀಯಂತೆ ಬಿಡು" ಎಂದರು.

ಅಗ್ನಿಮೂಲೆ

ಮನೆ ಎಂಬ ಮಾತು ಅತ್ತೆಯ ಕಿವಿಗೆ ಬಿದ್ದದ್ದೇ ತಡ, "ಮನೆ ಅಂದ್ಮೇಲೆ ಒಲೆ ಎಲ್ಲೋ ಇಡೋಕಾಗ್ತದಾ, ಶಾಸ್ತ್ರಿಗಳನ್ನ ಕರಿ" ಎಂದರು. ಶಾಸ್ತ್ರಿಗಳು ಬಂದು ವ್ಯಾನನ್ನು ಪ್ರದಕ್ಷಿಣೆ ಹಾಕಿದರು.

"ಒಲೆ ಆಗ್ನೇಯದಲ್ಲಿರಬೇಕು. ಇದರ ಮುಖ ಯಾವ ಕಡೆ?"

"ರಸ್ತೆ ಯಾವ ಕಡೆಗೋ ಆ ಕಡೆ, ಸ್ವಾಮಿ" ಎಂದ ಡ್ರೈವರ.

ಶಾಸ್ತ್ರಿಗಳು ಕಣ್ಣು ಮುಚ್ಚಿ ಯೋಚಿಸಿದರು. "ಮನೆಗೆ ಪೂರ್ವಮುಖ ಶ್ರೇಷ್ಠ. ಇದೂ ಪೂರ್ವಮುಖ ಅಂತಲೇ ಇಟ್ಕೊಳ್ಳೋಣ. ಹಾಗಾದ್ರೆ ಒಲೆ ಮುಂದಿನ ಬಲಮೂಲೆಗೆ ಬರ್ತದೆ."

ಡ್ರೈವರನ ಮುಖ ಸಪ್ಪಗಾಯಿತು. "ಅದು ನನ್ನ ಬೆನ್ನ ಹಿಂದೆ ಸ್ವಾಮಿ. ಪೆಟ್ರೋಲ್ ಟ್ಯಾಂಕೂ ಅದರ ಕೆಳಗೇ ಇದೆ."

"ನೋಡಿದ್ರಾ," ಎಂದು ಶಾಸ್ತ್ರಿಗಳು ಅತ್ತೆಯ ಕಡೆ ತಿರುಗಿದರು, "ಅಗ್ನಿ ಇರಬೇಕಾದ ಕಡೆಯೇ ಅಗ್ನಿ ಇದೆ. ಮಾಡಿದವನು ಬಿಳಿಯನಾದ್ರೂ ಶಾಸ್ತ್ರ ತಿಳಿದವನು."

ಕೊನೆಗೆ ಒಲೆಯನ್ನು ಅಲ್ಲಿ ಇಡುವುದು, ಹಚ್ಚುವಾಗ ಮಾತ್ರ ಕೆಳಗಿಳಿಸುವುದು ಎಂದು ರಾಜಿಯಾಯಿತು. ಆದರೆ ಗಾಡಿ ಎಲ್ಲೇ ನಿಂತರೂ ಪೂರ್ವಕ್ಕೇ ಮುಖ ಮಾಡಿ ನಿಲ್ಲಬೇಕು ಎಂಬುದು ಅತ್ತೆಯ ಕಟ್ಟಪ್ಪಣೆ. ಪಾಪ, ಡ್ರೈವರ ಮಿಲಿಟರಿಯ ಮನುಷ್ಯ, ಅಪ್ಪಣೆಯೆಂದರೆ ಅಪ್ಪಣೆ. ಅಂದಿನಿಂದಲೇ ಅಭ್ಯಾಸಕ್ಕೆ ತೊಡಗಿದ. ಸಂತೆಯ ದಿನ ಪೇಟೆಯ ನಡುರಸ್ತೆಯಲ್ಲಿ ವ್ಯಾನನ್ನು ಹಿಂದೆ ಮುಂದೆ ಮಾಡಿ ಅಡ್ಡಡ್ಡ ನಿಲ್ಲಿಸಿದ. ಎರಡೂ ಕಡೆ ಎತ್ತಿನ ಗಾಡಿಗಳು ಸಾಲುಗಟ್ಟಿದವು. ಪೊಲೀಸಿನವನು ಓಡಿಬಂದು, "ಯಾಕಯ್ಯಾ ಅಡ್ಡ ನಿಲ್ಲಿಸಿದೀಯ?" ಎಂದು ಗದರಿಸಿದ.

"ಒಳಗೆ ಒಲೆ ಇದೆ ಸಾರ್" ಎಂದ ಡ್ರೈವರ.

ಆಗ ಪೆಟ್ರೋಲು ಸಿಗುತ್ತಿದ್ದದ್ದು ಕೂಪನ್ನಿನ ಮೇಲೆ. ನಾನು ಬೆಟ್ಟ ನೋಡಲೆಂದು ಕೂಡಿಟ್ಟ ಪೆಟ್ರೋಲು ಹೀಗೆ ಪೂರ್ವ ದಿಕ್ಕನ್ನು ಹುಡುಕುವುದರಲ್ಲಿ ಸುಟ್ಟುಹೋಗುತ್ತಿತ್ತು. ಪೊಲೀಸಿನವನೋ ಒಳಗೆ ಇಣುಕಿ ನೋಡಿ, "ಅಗ್ನಿಮೂಲೆ ಸರಿಯಾಗೇ ಬಂದಿದೆ" ಎಂದು ಹೇಳಿ ಬಿಟ್ಟುಬಿಟ್ಟನಂತೆ.

ಮೇಲಿನ ಮಂಚ

ಹೊರಡುವ ಸುದ್ದಿ ತಿಳಿದು ದೊಡ್ಡಬೆಳವಂಗಲದಿಂದ ನನ್ನ ಗಂಡನ ಸೋದರತ್ತೆ ಹಾಸಿಗೆ ಸುತ್ತಿಕೊಂಡು ಬಂದಿಳಿದರು. ಯಾರೂ ಕರೆದಿರಲಿಲ್ಲ. ಕರೆಯದಿದ್ದದ್ದಕ್ಕೆ ಮೊದಲು ಅತ್ತು, ಆಮೇಲೆ ಕಾಫಿ ಕುಡಿದರು.

ಮಂಚದ ಹಂಚಿಕೆ ಶುರುವಾಯಿತು. ಕೆಳಗಿನ ಎರಡು ಹಿರಿಯರಿಗೆ, ಅಂದರೆ ಅತ್ತೆಗೆ ಮತ್ತು ಸೋದರತ್ತೆಗೆ. ಮೇಲಿನ ಎರಡು ನನಗೂ ಇವರಿಗೂ ಎಂದುಕೊಂಡು ಖುಷಿಯಾದೆ. ಮೇಲಿನ ಮಂಚದ ಪಕ್ಕದಲ್ಲೇ ಕಿಟಕಿ. ಮಲಗಿದಲ್ಲಿಂದಲೇ ಬೆಟ್ಟ ಕಾಣುತ್ತದೆ.

"ಏನಂದೆ?" ಎಂದರು ಸೋದರತ್ತೆ. "ಅತ್ತೆ ತಲೆ ಮೇಲೆ ಸೊಸೆ ಕಾಲು ಚಾಚೋದಾ? ಎಲ್ಲಾದ್ರೂ ಉಂಟಾ?"

"ಮಗ?" ಎಂದೆ.

"ಹೆತ್ತ ತಾಯಿ ತಲೆ ಮೇಲೆ ಮಗನಾ? ಇನ್ನೂ ಚೆನ್ನಾಯ್ತು."

"ಹಾಗಾದ್ರೆ ನೀವಿಬ್ಬರೂ ಮೇಲೆ ಮಲಗಿ, ನಾವು ಕೆಳಗೆ" ಎಂದೆ. ಸೋದರತ್ತೆ ಸ್ಟೂಲಿನ ಮೇಲೆ ಒಂದು ಕಾಲಿಟ್ಟು, ಮೇಲೆ ನೋಡಿ, ಕಾಲು ತೆಗೆದರು. "ಅಷ್ಟೆತ್ತರ ಹತ್ತೋ ವಯಸ್ಸಾ ನಮ್ದು? ಬಿದ್ದು ಸೊಂಟ ಮುರಿದ್ರೆ ನೀನು ನೋಡ್ಕೋತೀಯಾ?"

ಕಡೆಗೆ ಆದ ತೀರ್ಮಾನ ಕೇಳಿ. ಇವರು ಹೊರಗೆ ಡ್ರೈವರನ ಜೊತೆ ಮಲಗುವುದು. ನಾನು ಎರಡು ಮಂಚಗಳ ನಡುವೆ ನೆಲದ ಮೇಲೆ ಚಾಪೆ ಹಾಸಿಕೊಳ್ಳುವುದು. ಮೇಲಿನ ಮಂಚಗಳಲ್ಲಿ ಉಪ್ಪಿನಕಾಯಿ ಜಾಡಿಗಳು. ಅವು ಉರುಳದಂತೆ ಸುತ್ತಲೂ ದಿಂಬು, ಕೆಳಗೆ ಮೆತ್ತೆ, ಮೇಲೆ ಹೊದಿಕೆ ಬೇರೆ.

ನನಗೆ ತಡೆಯಲಾಗಲಿಲ್ಲ. "ಅತ್ತೇ, ನಿಮ್ಮ ತಲೆ ಮೇಲೆ ನಾನು ಮಲಗಬಾರದು, ಜಾಡಿ ಮಲಗಬಹುದಾ?" ಎಂದು ಕೇಳಿಯೇಬಿಟ್ಟೆ.

ಅತ್ತೆ ಶಾಂತವಾಗಿ ಹೇಳಿದರು: "ಜಾಡಿಗೆ ಕಾಲಿಲ್ವಲ್ಲೇ."

ಕಲ್ಲು

ಹೊರಡುವ ಹಿಂದಿನ ದಿನ ಹಿತ್ತಿಲಲ್ಲಿ ದಬದಬ ಸದ್ದಾಯಿತು. ಹೋಗಿ ನೋಡಿದರೆ ಗಟ್ಟಿಮುಟ್ಟಾದ ನೇಕಾರರು ಕೂಡಿಕೊಂಡು ನಮ್ಮ ಒರಳುಕಲ್ಲನ್ನು ಉರುಳಿಸುತ್ತಿದ್ದರು. ಎಲ್ಲಿಗೆ ಎಂದು ಕೇಳಿದರೆ ವ್ಯಾನಿಗೆ ಎಂದರು.

ಡ್ರೈವರ ಕೈಮುಗಿದು ನಿಂತಿದ್ದ. "ಅಮ್ಮಾವ್ರೇ, ನಾವು ಹೋಗ್ತಿರೋದು ಬೆಟ್ಟಕ್ಕೆ. ಅಲ್ಲಿ ಇರೋದೇ ಕಲ್ಲು."

"ಆ ಕಲ್ಲಿನ ಮೇಲೆ ಯಾರ್ಯಾರು ಏನೇನು ರುಬ್ಬಿರ್ತಾರೋ" ಎಂದರು ಅತ್ತೆ.

ಒರಳು ಏರಿತು, ವ್ಯಾನು ಎಡಕ್ಕೆ ವಾಲಿತು. ಇಳಿಸುತ್ತಾರೆ ಎಂದು ನಾನು ಕಾದೆ. ನನ್ನ ಗಂಡ ಬಂದು, ವ್ಯಾನನ್ನು ಒಮ್ಮೆ ನೋಡಿ, "ಇನ್ನೊಂದು ಕಡೆ ಬೀಸೋ ಕಲ್ಲು ಇಟ್ರೆ ಸರಿಹೋಗ್ತದೆ" ಎಂದರು. ರಾಗಿ ಬೀಸುವ ಕಲ್ಲೂ ಏರಿತು. ವ್ಯಾನು ನೆಟ್ಟಗಾಯಿತು. ಎಲ್ಲರೂ ಇವರ ಬುದ್ಧಿಯನ್ನು ಹೊಗಳಿದರು.

ಆ ಎರಡು ಕಲ್ಲುಗಳಿಂದ ಸ್ವಲ್ಪ ದಿನವಾದರೂ ದೂರ ಇರೋಣ ಎಂದು ತಾನೇ ನಾನು ಬೆಟ್ಟ ಕೇಳಿದ್ದು? ಬೆಟ್ಟಕ್ಕೆ ಕಲ್ಲು ಹೊತ್ತುಕೊಂಡು ಹೋಗುವವರನ್ನು ನೀವೆಲ್ಲಾದರೂ ಕಂಡಿದ್ದೀರಾ? ಕಂಡಿಲ್ಲವಾದರೆ ನಮ್ಮ ಮನೆಗೆ ಬನ್ನಿ.

ಹಸು

ಹೊರಡುವ ದಿನ ಬೆಳಿಗ್ಗೆ ವ್ಯಾನಿಗೆ ಮಾವಿನ ತೋರಣ, ಬಾಗಿಲಿಗೆ ಅರಿಸಿನ ಕುಂಕುಮ. ಶಾಸ್ತ್ರಿಗಳು ಕೇಳಿದರು: "ಹಸು ಎಲ್ಲಿ?"

ಮನೆ ಎಂದ ಮೇಲೆ ಗೃಹಪ್ರವೇಶ. ಗೃಹಪ್ರವೇಶವೆಂದ ಮೇಲೆ ಮೊದಲು ಕರುವಿನ ಸಮೇತ ಹಸು ಒಳಗೆ ಹೋಗಬೇಕು. ನಾನು "ಇದು ವ್ಯಾನು" ಎಂದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಎದುರುಮನೆಯಲ್ಲಿ ಹಾಲು ಮಾರುವ ಮುದುಕಿಯ ಹಸುವನ್ನು ಹಿಡಿದು ತಂದರು. ವ್ಯಾನಿನ ಹಿಂಬಾಗಿಲಿಗೆ ಮಗ್ಗದ ಹಲಗೆಗಳನ್ನು ಇಳಿಜಾರಾಗಿ ಒರಗಿಸಿ, ಮುಂದೆ ಅಕ್ಕಿ ಬೆಲ್ಲ ತೋರಿಸಿದರು. ಬೆಲ್ಲಕ್ಕಾಗಿ ಹಸು ಏರಿತು, ಹಸುವಿಗಾಗಿ ಕರು ಏರಿತು. ಒಳಗೆ ಹೋದದ್ದೇ ಹಸು ಸಗಣಿ ಹಾಕಿತು. ಹೊರಗೆ ಎಲ್ಲರಿಗೂ ಪರಮಾನಂದ, ಇದಕ್ಕಿಂತ ಶುಭವಿಲ್ಲವಂತೆ. ಬಿದ್ದದ್ದು ನನ್ನ ಚಾಪೆಯ ಮೇಲೆ.

ಇಳಿಸಬೇಕಲ್ಲ. ಹಸು ತಿರುಗೋಣವೆಂದರೆ ಒಂದು ಕಡೆ ಒರಳು, ಇನ್ನೊಂದು ಕಡೆ ಬೀಸುವ ಕಲ್ಲು. ಹಿಂದಕ್ಕೆ ಹೆಜ್ಜೆ ಇಡಲು ಅದು ಸುತರಾಂ ಒಪ್ಪಲಿಲ್ಲ. ಯಾರೋ ಬಾಲಕ್ಕೆ ಕೈ ಹಾಕಿದರು.

"ಗೃಹಪ್ರವೇಶದ ದಿನ ಗೋವಿನ ಬಾಲ ಎಳೆಯೋದಾ?" ಎಂದು ಶಾಸ್ತ್ರಿಗಳು ಗದರಿಸಿದರು.

"ಹಾಗಾದ್ರೆ ಕಲ್ಲು ಇಳಿಸಿ" ಎಂದೆ.

"ಒಳ್ಳೇ ಗಳಿಗೇಲಿ ಏರಿಸಿದ್ದನ್ನ ಪ್ರಯಾಣಕ್ಕೆ ಮುಂಚೆ ಇಳಿಸಬಾರದು ಕಣೇ" ಎಂದರು ಅತ್ತೆ.

ಹಸು ಆರಾಮವಾಗಿ ಮೆಲುಕು ಹಾಕುತ್ತಿತ್ತು. ಶಾಸ್ತ್ರಿಗಳೇ ದಾರಿ ತೋರಿಸಿದರು. ಹಸುವಿನ ಸಮೇತ ವ್ಯಾನು ಹೊರಟು ಊರ ಗಡಿ ದಾಟಬೇಕು. ಅಲ್ಲಿಗೆ ಪ್ರಯಾಣ ಆರಂಭವಾದಂತೆ. ಆಮೇಲೆ ಕಲ್ಲು ಇಳಿಸಿ, ಹಸು ಇಳಿಸಿ, ವಾಪಸು ಬಂದು ನಮ್ಮನ್ನೆಲ್ಲ ಹತ್ತಿಸಿಕೊಳ್ಳಬೇಕು. ಹಸುವಿನ ಜೊತೆ ಯಾರು? ನನ್ನ ಗಂಡ ರೇಷ್ಮೆ ಪಂಚೆ ಉಟ್ಟಿದ್ದರು. ಸೋದರತ್ತೆಗೆ ಸಗಣಿ ವಾಸನೆಗೆ ತಲೆ ಸುತ್ತುತ್ತದೆ. "ನೀನೇ ಹತ್ತೇ, ಹೆಂಗೂ ಚಾಪೆ ತೊಳೀಬೇಕಲ್ಲ" ಎಂದರು ಅತ್ತೆ.

ಹತ್ತಿದೆ. ಹಾಲಿನ ಮುದುಕಿಯೂ ಕರುವನ್ನು ತಬ್ಬಿಕೊಂಡು ಹತ್ತಿದಳು. ಊರ ಗಡಿ ದಾಟಿತು. ಡ್ರೈವರ ವ್ಯಾನು ನಿಲ್ಲಿಸಿ, "ಅಮ್ಮಾವ್ರೇ, ಹಲಗೆ ಮನೆ ಹತ್ರಾನೇ ಉಳೀತು, ಇಲ್ಲಿ ಎಲ್ಲಾ ತಗ್ಗು. ದಿಬ್ಬ ಇದ್ದಿದ್ರೆ ಹಲಗೆನೇ ಬೇಕಿರಲಿಲ್ಲ, ಹಸು ತಾನೇ ಇಳೀತಿತ್ತು" ಎಂದ.

ನನಗೆ ಅದೆಲ್ಲಿತ್ತೋ ಆ ಧೈರ್ಯ. "ದಿಬ್ಬ ಸಿಗೋವರೆಗೂ ಹೋಗು" ಎಂದೆ.

"ಯಾವ ಕಡೆ?"

"ದಿಬ್ಬ ಇರೋ ಕಡೆ. ಅದೋ, ಎದುರಿಗೆ ಕಾಣ್ತಿಲ್ವಾ?"

ನಂದಿಬೆಟ್ಟದ ಬುಡದಲ್ಲಿ ವ್ಯಾನಿನ ಮಟ್ಟಕ್ಕೆ ಸರಿಯಾದ ಒಂದು ದಿಬ್ಬ ಸಿಕ್ಕಿತು. ನಾವು ಮೂವರೂ ಸೇರಿ ಒರಳನ್ನೂ ಬೀಸುವ ಕಲ್ಲನ್ನೂ ಹೊರಕ್ಕೆ ಉರುಳಿಸಿದೆವು. ಹಸು ತಿರುಗಿತು, ಹಸಿರು ಹುಲ್ಲು ನೋಡಿತು, ರಾಣಿಯ ಹಾಗೆ ಇಳಿದು ಹೋಯಿತು. ಮುದುಕಿ ಅಲ್ಲೇ ಕೂತು ಹಾಲು ಕರೆದಳು. ಒಲೆ ಇಳಿಸಿ ಹಾಲು ಕಾಯಿಸಿ, ಉಪ್ಪಿಟ್ಟು ಮಾಡಿದೆ. ಜಾಡಿ ಬಿಚ್ಚಿ ಉಪ್ಪಿನಕಾಯಿ ಬಡಿಸಿದೆ. ಬೆಟ್ಟ ತಲೆಯ ಮೇಲೆಯೇ ಇತ್ತು. ಅದರ ನೆತ್ತಿಯಲ್ಲಿ ಒಂದು ಮೋಡ ಕೂತಿತ್ತು.

"ಇದೇನವ್ವಾ, ದೂರದಿಂದ ಚೆಂದಾಗಿತ್ತು, ಹತ್ರ ಬಂದ್ರೆ ಬರೀ ಬಂಡೆ" ಎಂದಳು ಮುದುಕಿ.

ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ. ಬಿಸಿಲು ಇಳಿಯುವವರೆಗೂ ನೋಡುತ್ತ ಕೂತಿದ್ದೆ.

ಹಸುವನ್ನು ಏರಿಸಿಕೊಂಡು, ಕಲ್ಲುಗಳನ್ನು ಬೆಟ್ಟಕ್ಕೇ ಬಿಟ್ಟು ವಾಪಸು ಬಂದಾಗ ಬೀದಿಗೆ ಬೀದಿಯೇ ನಮ್ಮ ಜಗಲಿಯ ಮುಂದೆ ನೆರೆದಿತ್ತು. ನನ್ನ ಗಂಡ ಡ್ರೈವರನನ್ನು, "ಪೆಟ್ರೋಲ್ ಎಷ್ಟಿದೆಯೋ?" ಎಂದು ಕೇಳಿದರು. "ನಂದಿಬೆಟ್ಟಕ್ಕೆ ಹೋಗಿ ಬರೋದಕ್ಕೇ ಎಲ್ಲಾ ಮುಗೀತು" ಎಂದ ಅವನು. ಶಾಸ್ತ್ರಿಗಳು ಬೆರಳು ಮಡಿಸಿ ಏನೋ ಎಣಿಸಿ ಹೇಳಿದರು: "ಚಿಂತೆಯಿಲ್ಲ. ಗೋವೂ ಸೊಸೆಯೂ ಮನೆಯವರೆಲ್ಲರ ಪರವಾಗಿ ಬೆಟ್ಟ ಕಂಡು ಬಂದಾಯ್ತು. ಪ್ರಯಾಣ ಸಂಪೂರ್ಣ. ಮತ್ತೆ ಹೋಗುವ ಅಗತ್ಯವಿಲ್ಲ." ಎಲ್ಲರೂ ಒಪ್ಪಿದರು. ಸೋದರತ್ತೆ ಅಂತೂ ಹಾಸಿಗೆ ಸುತ್ತತೊಡಗಿದರು.

ನನ್ನ ಚಿಕ್ಕಮಗಳೂರ ಬೆಟ್ಟ, ಕೈಗೆ ಸಿಗುವ ಮೋಡ ಎಲ್ಲಾ ಒಂದೇ ಮಾತಿನಲ್ಲಿ ಮುಗಿದುಹೋಯಿತು. ಬಾಯಿಗೆ ಬಂದದ್ದನ್ನೆಲ್ಲ ಅಂದುಬಿಡೋಣವೆಂದು ವ್ಯಾನಿನ ಬಾಗಿಲಿಗೆ ಬಂದು ನಿಂತೆ. ನೋಡಿದರೆ ಎದುರಿಗೆ ಅತ್ತೆ, ಕೈಯಲ್ಲಿ ಆರತಿ ತಟ್ಟೆ, ಕಣ್ಣಲ್ಲಿ ನೀರು.

ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಎಷ್ಟಾದರೂ ಹಿರಿಯರು, ದಿನವಿಡೀ ನನಗಾಗಿ ಕಾದಿದ್ದಾರೆ ಎನ್ನಿಸಿತು. ಸೆರಗು ಸರಿಮಾಡಿಕೊಂಡು, ಹಣೆ ಒಡ್ಡಿ, ತಲೆ ಬಗ್ಗಿಸಿ ನಿಂತೆ.

ಅತ್ತೆ ಹೇಳಿದರು: "ಸ್ವಲ್ಪ ಪಕ್ಕಕ್ಕೆ ನಿಲ್ಲೇ, ಹಸುವಿನ ಮುಖ ಕಾಣಿಸ್ತಿಲ್ಲ."