ಇಪ್ಪತ್ತೇಳನೆಯ ದಿನದ ಸೇತುವೆ

ಇನ್ನೊಂದೇ ದಿನ ಕಳೆದಿದ್ದರೆ ಗಾರೆ ಮೇಸ್ತ್ರಿ ಓಬಳಪ್ಪ ಹೆಂಡತಿ ಉಚ್ಚಂಗಮ್ಮನನ್ನು ಮೊಪೆಡ್ ಹಿಂದೆ ಕೂರಿಸಿಕೊಂಡು ಹೊಸ ಸೇತುವೆ ದಾಟುವ ಮೊದಲಿಗನಾಗುತ್ತಿದ್ದ.

ಅಮೃತಾಪುರದಾಚೆಯ ಆ ಹಳ್ಳ ಮಳೆಗಾಲಕ್ಕೊಂದು ಮೋರಿಯನ್ನು ನುಂಗಿ ನೀರು ಕುಡಿಯುತ್ತಿತ್ತು. ಈ ಸಲ ಓಬಳಪ್ಪ ಬಂಡೆ ಸಿಗುವವರೆಗೂ ಅಗೆಸಿ, ಒಂದೊಂದು ಕಂಬಿಯನ್ನೂ ತಾನೇ ಎಳೆದು ನೋಡಿ ಕಟ್ಟಿದ್ದ. ಕಾಂಕ್ರೀಟ್ ಗಟ್ಟಿಯಾಗಲು ಇಪ್ಪತ್ತೆಂಟು ದಿನ ಬೇಕೆಂದಿದ್ದರು ಎಂಜಿನಿಯರ್ ಅನುಷಾ. ಅವತ್ತು ಇಪ್ಪತ್ತೇಳನೆಯ ದಿನ. ಎರಡೂ ತುದಿಗೆ ಜಾಲಿಮುಳ್ಳು ಎಳೆದು ಅವನು ಕಾವಲಿಗೆ ಕೂತಿದ್ದ.

ಬೆಳಿಗ್ಗೆಯೇ ತೆಂಗಿನಕಾಯಿ ಹೇರಿದ ಟ್ರಾಕ್ಟರಿನಲ್ಲಿ ಪಕ್ಕದ ಮನೆಯ ಚಿಕ್ಕಬೀರಪ್ಪ ಬಂದ.

"ಕಡೂರಿಗೆ ಹೋಗ್ಬೇಕು, ಮುಳ್ಳು ತೆಗಿಯಪ್ಪ. ಕೆಳಗಿನ ದಾರೀಲಿ ಚಕ್ರ ಹೂತ್ಕಳ್ತದೆ."

"ನಾಳೆ ಬಾ."

"ಒಂದು ದಿನ ಮುಂಚೆ ಹತ್ತಿದ್ರೆ ಮುರಿಯೋ ಸೇತುವೆನಾ ನೀ ಕಟ್ಟಿರೋದು?"

ಮಾತು ಗಾಯಕ್ಕೆ ಮೆಣಸಿನಪುಡಿ ಬಿದ್ದಂತೆ ಉರಿಯಿತು. ಆದರೂ ಓಬಳಪ್ಪ ಏಳಲಿಲ್ಲ. ಚಿಕ್ಕಬೀರಪ್ಪನೂ ಹಿಂದಿರುಗಲಿಲ್ಲ. ಅವನ ಬೆನ್ನಿಗೆ ಹಾಲಿನ ಗಾಡಿ ಬಂದು ನಿಂತಿತು, ಅದರ ಹಿಂದೆ ಏಳೆಂಟು ಬೈಕು. ಎಲ್ಲರೂ ಸೇರಿ ಓಬಳಪ್ಪನಿಗೆ ಕಾಂಕ್ರೀಟಿನ ಪಾಠ ಹೇಳತೊಡಗಿದರು.

ಮಧ್ಯಾಹ್ನ ಗುಡ್ಡದ ಕಡೆ ಮಳೆ ಸುರಿಯಿತು. ನೋಡುನೋಡುತ್ತ ಹಳ್ಳ ಕೆಂಪಗೆ ಉಬ್ಬಿ ಕೆಳಗಿನ ದಾರಿ ಮುಳುಗಿತು. ಅಷ್ಟರಲ್ಲಿ ಊರೊಳಗಿಂದ ಆಂಬುಲೆನ್ಸ್ ಬಂತು. ಕಿಟಕಿಯಿಂದ ತಲೆ ಹೊರಹಾಕಿದವಳು ಉಚ್ಚಂಗಮ್ಮ.

"ಮುಳ್ಳು ತೆಗೀರಿ. ಹಿಂದಿನ ಬೀದಿ ಧನ್ಯಶ್ರೀಗೆ ಹೆರಿಗೆ ನೋವು ಬಂದೈತೆ, ತರೀಕೆರೆಗೆ ಹೋಗ್ಬೇಕು."

"ನಾಳೆ ನೀನೂ ನಾನೂ ಮೊದ್ಲು..."

"ಕೂಸು ನಾಳೆಗಂಟ ಕಾಯಕಿಲ್ಲ."

ಓಬಳಪ್ಪ ಬರಿಗೈಯಲ್ಲೇ ಎರಡೂ ತುದಿಯ ಮುಳ್ಳು ಎಳೆದು ಬಿಸಾಡಿದ. ಆಂಬುಲೆನ್ಸ್ ನಡುವಿಗೆ ಬಂದಾಗ ಹಳ್ಳ ಒಂದು ಮರದ ದಿಮ್ಮಿಯನ್ನೇ ತಂದು ಕಂಬಕ್ಕೆ ಅಪ್ಪಳಿಸಿತು. ಸೇತುವೆ ಅಲುಗಲಿಲ್ಲ. ಅಲುಗಿದ್ದು ಓಬಳಪ್ಪನ ಮೀಸೆ ಮಾತ್ರ. ಆಂಬುಲೆನ್ಸಿನ ಬಾಲ ಹಿಡಿದಂತೆ ಟ್ರಾಕ್ಟರು, ಹಾಲಿನ ಗಾಡಿ, ಬೈಕುಗಳೆಲ್ಲ ದಾಟಿದವು. ಓಬಳಪ್ಪ ಮನೆಗೆ ಓಡಿ ಮೊಪೆಡ್ ತರುವಷ್ಟರಲ್ಲಿ ಅರ್ಧ ಊರು ಆಚೆ ದಡದಲ್ಲಿತ್ತು.

ಸಂಜೆ ನೀರು ಇಳಿಯಿತು. ಗಂಡು ಮಗು, ತಾಯಿಯೂ ಕ್ಷೇಮ ಎಂದು ಫೋನ್ ಬಂತು. ಅನುಷಾ ಬಂದು ಸೇತುವೆಯ ಕೆಳಗೆಲ್ಲ ಬಗ್ಗಿ ನೋಡಿದರು.

"ಒಂದು ಬಿರುಕೂ ಬಿಟ್ಟಿಲ್ಲ ಮೇಸ್ತ್ರಿ. ಇಂಥ ಕೆಲಸ ನಾನು ನೋಡೇ ಇಲ್ಲ."

ಓಬಳಪ್ಪನ ಎದೆ ಅಂಗಿಯ ಗುಂಡಿ ಕೀಳುವಷ್ಟು ಉಬ್ಬಿತು. "ಹಂಗಾದ್ರೆ ಬೆಳಿಗ್ಗೆ ಓಡಾಡ್ಬೋದಲ್ವಾ ಮೇಡಂ?"

"ಅದೇ ತೊಂದ್ರೆ ಆಗಿರೋದು. ಇಷ್ಟು ಗಟ್ಟಿ ಸೇತುವೆ ಅಂತ ಸುದ್ದಿ ಆಗಿ, ದೊಡ್ಡೋರೇ ಬಂದು ಟೇಪು ಕತ್ತರಿಸ್ತಾರಂತೆ. ತಾರೀಕು ಇನ್ನೂ ಗೊತ್ತಾಗಿಲ್ಲ. ಅಲ್ಲೀವರೆಗೂ ಒಂದು ಗಾಡೀನೂ ಬಿಡಬಾರ್ದು. ಕಾವಲಿಗೆ ನೀವೇ ಇರ್ಬೇಕು."

ಓಬಳಪ್ಪ ಮತ್ತೆ ಮುಳ್ಳು ಎಳೆಯುತ್ತಿದ್ದಾಗ ಆಚೆ ದಡದಲ್ಲಿ ಆಟೊ ನಿಂತಿತು.

"ತೆಗೀರಿ, ಮನೆತಂಕ ಆಟೊ ಬರ್ಲಿ," ಎಂದಳು ಉಚ್ಚಂಗಮ್ಮ.

ಅವನು ಒಂದಾಳು ನುಸುಳುವಷ್ಟು ಮುಳ್ಳು ಸರಿಸಿದ.

"ಆಟೊ ಬರಂಗಿಲ್ಲ ಕಣೇ. ನಡ್ಕಂಡೇ ಬಾ. ಕಾಲಿಟ್ಟು ನೋಡು, ಎಷ್ಟು ಗಟ್ಟಿಯಾಗೈತೆ."